ಹಸಿವು ಮತ್ತು ಶಕ್ತಿವ್ಯಯ: ಮಿದುಳು, ಹಾರ್ಮೋನುಗಳ ನಿಯಂತ್ರಣ

ಪ್ರಾಣಿಯು ತಿನ್ನುವ ಆಹಾರವನ್ನೂ ಅದರ ದೇಹ ಖರ್ಚು ಮಾಡುವ ಶಕ್ತಿಯನ್ನೂ ತಾಳೆ ನೋಡುತ್ತ, ಕೊಬ್ಬಿನ ರೂಪದಲ್ಲಿ ಕೂಡಿಟ್ಟ ದಾಸ್ತಾನು ಬರಿದಾಗದಂತೆ ಕಾಯುವ ಕೆಲಸವನ್ನು ಮುಖ್ಯವಾಗಿ ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ಎಂಬ ಭಾಗ ನಿರ್ವಹಿಸುತ್ತದೆ. ಮನುಷ್ಯನಲ್ಲಿ ಸುಮಾರು 4 ಗ್ರಾಂ ತೂಗುವ, ಪಿಟ್ಯುಟರಿ ಗ್ರಂಥಿಗೆ ತುಸು ಮೇಲಿರುವ ಈ ಭಾಗಕ್ಕೆ ಜಠರ, ಕರುಳು, ಮೇದೋಜೀರಕ ಗ್ರಂಥಿ ಮತ್ತು ಕೊಬ್ಬಿನ ಕೋಶಗಳಿಂದ ರಕ್ತದ ಮೂಲಕ ಹಾರ್ಮೋನುಗಳೂ ನರಗಳ ಮೂಲಕ ಸಂಕೇತಗಳೂ ಸದಾ ಬರುತ್ತಿರುತ್ತವೆ; ಅವುಗಳನ್ನೆಲ್ಲ ಕೂಡಿಸಿ ನೋಡಿ ಹಸಿವು, ತೃಪ್ತಿ, ಶಾಖದ ಉತ್ಪಾದನೆ, ಬೆಳವಣಿಗೆ ಮತ್ತು ಸಂತಾನಶಕ್ತಿಗಳನ್ನು ಅದು ಏರಿಳಿಸುತ್ತದೆ.

ಈ ನಿಯಂತ್ರಣ ಎಷ್ಟು ನಿಖರವಾದದ್ದು ಎಂಬುದು ಸರಳವಾದ ಲೆಕ್ಕದಿಂದ ತಿಳಿಯುತ್ತದೆ. ದಿನಕ್ಕೆ 2,000 ಕಿಲೊಕ್ಯಾಲರಿಯಷ್ಟು ಉಣ್ಣುವ ವ್ಯಕ್ತಿಯ ಹೊಟ್ಟೆಗೆ ವರ್ಷದಲ್ಲಿ 7,30,000 ಕಿಲೊಕ್ಯಾಲರಿ ಸೇರುತ್ತದೆ; ಒಂದು ಕಿಲೊ ಮೈಕೊಬ್ಬಿನಲ್ಲಿ ಅಡಗಿರುವ ಶಕ್ತಿ ಸುಮಾರು 7,700 ಕಿಲೊಕ್ಯಾಲರಿ. ವರ್ಷ ಕಳೆದರೂ ಅವನ ತೂಕ ಒಂದು ಕಿಲೊಗಿಂತ ಹೆಚ್ಚು ಅತ್ತಿತ್ತ ಆಗಿಲ್ಲವೆಂದರೆ ಆದಾಯವೂ ಖರ್ಚೂ ಶೇಕಡ 1ರ ಆಸುಪಾಸಿನಲ್ಲಿ ಸರಿಹೊಂದಿವೆ ಎಂದಾಯಿತು. ಎಲೆಯ ಮೇಲಿನ ಅನ್ನವನ್ನು ಯಾರೂ ಇಷ್ಟು ಕರಾರುವಾಕ್ಕಾಗಿ ತೂಗಿ ಉಣ್ಣುವುದಿಲ್ಲ. ಆದರೆ ಈ ತಕ್ಕಡಿಯ ಎರಡು ಕಡೆಯೂ ಸಮವಲ್ಲ: ದಾಸ್ತಾನು ಇಳಿದಾಗ ದೇಹ ತೋರುವ ಗಾಬರಿಯನ್ನು ಅದು ಏರಿದಾಗ ತೋರುವುದಿಲ್ಲ. ಬೊಜ್ಜಿನ ಶರೀರಕ್ರಿಯೆಯನ್ನು ಅರಿಯಲು ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿಲ್ಲ.

ಹೈಪೊಥಲಾಮಸ್

1901ರಲ್ಲಿ ವಿಯೆನ್ನಾದ ಆಲ್ಫ್ರೆಡ್ ಫ್ರೋಲಿಕ್ ಎಂಬ ವೈದ್ಯ ಪಿಟ್ಯುಟರಿಯ ಬಳಿ ಗೆಡ್ಡೆ ಬೆಳೆದು ವಿಪರೀತ ದಪ್ಪಗಾದ ಹುಡುಗನೊಬ್ಬನ ಪ್ರಕರಣವನ್ನು ವರ್ಣಿಸಿದ. ತಪ್ಪು ಪಿಟ್ಯುಟರಿ ಗ್ರಂಥಿಯದೋ, ಗೆಡ್ಡೆ ಒತ್ತುತ್ತಿದ್ದ ಮೇಲಿನ ಮಿದುಳಿನ ಭಾಗದ್ದೋ ಎಂಬ ವಿವಾದ ನಾಲ್ಕು ದಶಕ ನಡೆಯಿತು. 1940ರಲ್ಲಿ ಹೆದರಿಂಗ್ಟನ್ ಮತ್ತು ರ‍್ಯಾನ್ಸನ್ ಎಂಬ ಅಮೆರಿಕದ ಸಂಶೋಧಕರು ಪಿಟ್ಯುಟರಿಯನ್ನು ಮುಟ್ಟದೆ ಹೈಪೊಥಲಾಮಸ್‌ನ ಒಳಮಗ್ಗುಲಿನ ಕೆಳಭಾಗವನ್ನಷ್ಟೇ ಸುಟ್ಟು ಇಲಿಗಳನ್ನು ದಪ್ಪವಾಗಿಸಿ ಆ ವಿವಾದವನ್ನು ಮುಗಿಸಿದರು. 1951ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಭಾರತೀಯ ಶರೀರಕ್ರಿಯಾ ವಿಜ್ಞಾನಿ ಬಾಲಕೃಷ್ಣ ಆನಂದ್ ಅವರು ಜಾನ್ ಬ್ರೊಬೆಕ್ ಅವರೊಡನೆ ಹೈಪೊಥಲಾಮಸ್‌ನ ಎರಡು ಪಕ್ಕಗಳನ್ನು ನಾಶ ಮಾಡಿದಾಗ ಫಲ ತದ್ವಿರುದ್ಧವಾಯಿತು: ಇಲಿಗಳು ಎದುರಿಗೆ ಆಹಾರವಿದ್ದರೂ ತಿನ್ನದೆ ಸತ್ತವು. ಮುಂದೆ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಶರೀರಕ್ರಿಯಾ ವಿಭಾಗವನ್ನು ಕಟ್ಟಿದವರು ಇದೇ ಆನಂದ್.

ಪಕ್ಕಗಳಲ್ಲಿ ‘ಉಣ್ಣುವ ಕೇಂದ್ರ’, ಒಳಮಗ್ಗುಲಲ್ಲಿ ‘ತೃಪ್ತಿಯ ಕೇಂದ್ರ’ ಎಂಬ ಅಚ್ಚುಕಟ್ಟಾದ ಚಿತ್ರ ಇದರಿಂದ ಮೂಡಿ ದಶಕಗಳ ಕಾಲ ಪಠ್ಯಪುಸ್ತಕಗಳಲ್ಲಿ ಉಳಿಯಿತು. ಸುಟ್ಟ ಜಾಗದಲ್ಲಿ ಹಾದುಹೋಗುವ ಬೇರೆ ನರತಂತುಗಳೂ ಕಡಿದುಹೋಗಿರುತ್ತವೆ ಎಂಬುದು ಗೊತ್ತಾದ ಮೇಲೆ ಆ ಚಿತ್ರದ ಅಚ್ಚುಕಟ್ಟು ಉಳಿಯಲಿಲ್ಲ. ಈಗ ಮಾತು ಕೇಂದ್ರಗಳದ್ದಲ್ಲ, ಒಂದಕ್ಕೊಂದು ಹೆಣೆದುಕೊಂಡ ನರಕೋಶಗಳ ಜಾಲದ್ದು.

ಆ ಜಾಲದ ಮುಂಬಾಗಿಲು ಹೈಪೊಥಲಾಮಸ್‌ನ ತಳದಲ್ಲಿರುವ, ಕಮಾನಿನ ಆಕಾರದ ಆರ್ಕುಯೇಟ್ ನ್ಯೂಕ್ಲಿಯಸ್ ಎಂಬ ನರಕೋಶ ಸಮೂಹ. ರಕ್ತದಲ್ಲಿರುವ ವಸ್ತುಗಳು ನೇರವಾಗಿ ಮಿದುಳಿಗೆ ನುಗ್ಗದಂತೆ ಉಳಿದೆಡೆ ಇರುವ ತಡೆ ಈ ಮಗ್ಗುಲಲ್ಲಿ ಸಡಿಲವಾಗಿರುವುದರಿಂದ ಹಾರ್ಮೋನುಗಳ ಸುದ್ದಿ ಇಲ್ಲಿಗೆ ಬೇಗ ತಲುಪುತ್ತದೆ. ಇಲ್ಲಿ ಎರಡು ಬಗೆಯ ನರಕೋಶಗಳು ಎದುರುಬದುರಾಗಿ ಕೆಲಸ ಮಾಡುತ್ತವೆ. ಎಜಿಆರ್‌ಪಿ ಎಂಬ ಪ್ರೋಟೀನನ್ನೂ ನ್ಯೂರೊಪೆಪ್ಟೈಡ್-ವೈ ಎಂಬ ಸಂದೇಶವಾಹಕವನ್ನೂ ಸ್ರವಿಸುವ ಮೊದಲನೆಯ ಬಗೆ ಹಸಿವನ್ನು ಎಬ್ಬಿಸುತ್ತದೆ. ಪಿಒಎಂಸಿ ಎಂಬ ಮೂಲದ್ರವ್ಯವನ್ನು ತಯಾರಿಸಿ ಅದನ್ನು ತುಂಡರಿಸಿ ಆಲ್ಫಾ-ಎಂಎಸ್‌ಎಚ್ ಎಂಬ ಹಾರ್ಮೋನನ್ನು ಬಿಡುವ ಎರಡನೆಯ ಬಗೆ ಹಸಿವನ್ನು ತಣಿಸುತ್ತದೆ. ಎರಡರ ಜಗಳವೂ ಮೆಲನೊಕಾರ್ಟಿನ್-4 ಎಂಬ ಒಂದೇ ಗ್ರಾಹಕದ ಮುಂದೆ ನಡೆಯುತ್ತದೆ (ಹಾರ್ಮೋನನ್ನು ಗುರುತಿಸಿ ಹಿಡಿಯುವ, ಕೋಶದ ಪೊರೆಯಲ್ಲಿರುವ ಪ್ರೋಟೀನಿಗೆ ಗ್ರಾಹಕವೆಂದು ಹೆಸರು): ಒಂದು ಅದನ್ನು ಚುರುಕುಗೊಳಿಸಿದರೆ ಇನ್ನೊಂದು ಅದುಮಿಡುತ್ತದೆ. ಒಂದೇ ಜೀನಿನ ದೋಷದಿಂದ ಬರುವ ಬೊಜ್ಜಿನ ಪ್ರಕರಣಗಳಲ್ಲಿ ಈ ಗ್ರಾಹಕದ ಜೀನಿನ ದೋಷವೇ ಎಲ್ಲಕ್ಕಿಂತ ಸಾಮಾನ್ಯವಾದದ್ದು.

ಎಜಿಆರ್‌ಪಿ ಕೋಶಗಳ ಬಲವನ್ನು 2011ರ ಪ್ರಯೋಗವೊಂದು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಬೆಳಕಿಗೆ ಸ್ಪಂದಿಸುವಂತೆ ಮಾರ್ಪಡಿಸಿದ ಈ ಕೋಶಗಳ ಮೇಲೆ ಸಣ್ಣ ತಂತುವಿನಿಂದ ಬೆಳಕು ಹಾಯಿಸಿದಾಗ, ಆಗತಾನೇ ಹೊಟ್ಟೆತುಂಬ ತಿಂದಿದ್ದ ಸುಂಡಿಲಿಗಳು ಕೆಲವೇ ನಿಮಿಷಗಳಲ್ಲಿ ಉಪವಾಸವಿದ್ದವರಂತೆ ಮತ್ತೆ ತಿನ್ನತೊಡಗಿದವು. ಇದಕ್ಕಿಂತ ಸೋಜಿಗದ ಸಂಗತಿ 2015ರಲ್ಲಿ ಹೊರಬಿತ್ತು. ಹಸಿದ ಸುಂಡಿಲಿಗೆ ಆಹಾರ ಕಂಡೊಡನೆ, ಒಂದು ತುತ್ತೂ ಬಾಯಿಗೆ ಹೋಗುವ ಮೊದಲೇ, ಈ ಕೋಶಗಳ ಸದ್ದು ಬಹುಮಟ್ಟಿಗೆ ಅಡಗುತ್ತದೆ. ಎಂದರೆ ಮಿದುಳು ಹೊಟ್ಟೆಗೆ ಬಂದದ್ದನ್ನು ಮಾತ್ರ ಲೆಕ್ಕ ಹಾಕುವುದಿಲ್ಲ, ಬರಲಿರುವುದನ್ನೂ ಅಂದಾಜು ಮಾಡುತ್ತದೆ.

ಕೊಬ್ಬಿನಿಂದ ಬರುವ ಸುದ್ದಿ: ಲೆಪ್ಟಿನ್

ಮೈಯಲ್ಲಿ ಎಷ್ಟು ಕೊಬ್ಬಿದೆ ಎಂಬುದು ಮಿದುಳಿಗೆ ಹೇಗೋ ತಿಳಿಯುತ್ತಿರಬೇಕೆಂದು ಬ್ರಿಟನ್ನಿನ ಗಾರ್ಡನ್ ಕೆನೆಡಿ 1953ರಲ್ಲಿ ತರ್ಕಿಸಿದ್ದ. ಆ ಸುದ್ದಿಯ ವಾಹಕ ಸಿಕ್ಕಿದ್ದು ಅಮೆರಿಕದ ಮೇನ್ ರಾಜ್ಯದ ಜಾಕ್ಸನ್ ಪ್ರಯೋಗಾಲಯದ ಇಲಿಗೂಡುಗಳಿಂದ. ಅಲ್ಲಿ ತಾನಾಗಿ ಉಂಟಾದ ಜೀನು ಬದಲಾವಣೆಯಿಂದ ಎಡೆಬಿಡದೆ ತಿಂದು ಉಂಡೆಯಂತೆ ದಪ್ಪಗಾಗುತ್ತಿದ್ದ ಸುಂಡಿಲಿಗಳ ಒಂದು ತಳಿಯನ್ನು 1950ರಲ್ಲಿ ವರ್ಣಿಸಿ ‘ಒಬಿ’ ಎಂದು ಹೆಸರಿಡಲಾಯಿತು. 1966ರಲ್ಲಿ ಅದೇ ಬಗೆಯ, ಜೊತೆಗೆ ತೀವ್ರ ಸಕ್ಕರೆಕಾಯಿಲೆಯೂ ಇರುವ ‘ಡಿಬಿ’ ಎಂಬ ಇನ್ನೊಂದು ತಳಿ ದೊರೆಯಿತು. ಡಗ್ಲಸ್ ಕೋಲ್ಮನ್ ಎಂಬ ವಿಜ್ಞಾನಿ ಎರಡೆರಡು ಇಲಿಗಳ ಪಕ್ಕೆಯ ಚರ್ಮವನ್ನು ಕೂಡಿಸಿ ಹೊಲಿದು, ಒಂದರ ರಕ್ತ ಇನ್ನೊಂದಕ್ಕೆ ನಿಧಾನವಾಗಿ ಹರಿಯುವಂತೆ ಮಾಡಿ ನೋಡಿದ. ಡಿಬಿ ಇಲಿಗೆ ಜೋಡಿಸಿದ ಸಾಮಾನ್ಯ ಇಲಿ ಉಣ್ಣುವುದನ್ನೇ ಬಿಟ್ಟು ಸೊರಗಿ ಸತ್ತಿತು. ಒಬಿ ಇಲಿಯನ್ನು ಡಿಬಿಗೆ ಜೋಡಿಸಿದಾಗ ಸೊರಗಿದ್ದು ಒಬಿ. ಒಬಿಯನ್ನು ಸಾಮಾನ್ಯ ಇಲಿಗೆ ಜೋಡಿಸಿದರೆ ಅದರ ಹೊಟ್ಟೆಬಾಕತನ ತಗ್ಗಿತು, ಜೀವಕ್ಕೆ ಅಪಾಯವಾಗಲಿಲ್ಲ. ಇದರಿಂದ ಕೋಲ್ಮನ್ ತೆಗೆದ ತೀರ್ಮಾನ ಇದು: ತೃಪ್ತಿಯನ್ನು ಸಾರುವ ವಸ್ತುವೊಂದು ರಕ್ತದಲ್ಲಿ ಹರಿಯುತ್ತಿದೆ, ಒಬಿ ಇಲಿಗೆ ಅದನ್ನು ತಯಾರಿಸಲು ಬಾರದು, ಡಿಬಿ ಇಲಿ ಅದನ್ನು ಧಾರಾಳವಾಗಿ ತಯಾರಿಸಿದರೂ ಅದರ ಮಾತು ತನಗೇ ಕೇಳಿಸದು. ಆ ವಸ್ತುವನ್ನು ಯಾರೂ ಕಾಣುವ ಮೊದಲೇ ಸೂಜಿದಾರದ ಕೆಲಸದಿಂದ ತೆಗೆದ ಈ ತೀರ್ಮಾನ ಜೀವವಿಜ್ಞಾನದ ಅಂದವಾದ ತರ್ಕಗಳಲ್ಲಿ ಒಂದು.

1994ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಒಬಿ ಜೀನನ್ನು ಪತ್ತೆಹಚ್ಚಿತು. ಅದರ ಆದೇಶದಂತೆ ಕೊಬ್ಬಿನ ಕೋಶಗಳು ತಯಾರಿಸುವ, 146 ಅಮೈನೊ ಆಮ್ಲಗಳ ಹಾರ್ಮೋನಿಗೆ, ತೆಳ್ಳಗೆ ಎಂಬ ಅರ್ಥದ ಗ್ರೀಕ್ ಪದದಿಂದ, ಲೆಪ್ಟಿನ್ ಎಂದು ಹೆಸರಾಯಿತು. ಮರುವರ್ಷ ಅದರ ಗ್ರಾಹಕವೂ ಸಿಕ್ಕಿತು. ಡಿಬಿ ಇಲಿಗಳಲ್ಲಿ ಕೆಟ್ಟಿದ್ದುದು ಅದೇ. ಅಲ್ಲಿಯವರೆಗೆ ಬರಿಯ ಉಗ್ರಾಣವೆಂದು ತಿಳಿಯಲಾಗಿದ್ದ ಕೊಬ್ಬು ತಾನೇ ಒಂದು ಗ್ರಂಥಿ ಎಂದು ಒಪ್ಪಬೇಕಾಯಿತು.

ಮನುಷ್ಯರಲ್ಲಿ ಇದರ ಪುರಾವೆ 1997ರಲ್ಲಿ ಕೇಂಬ್ರಿಜ್‌ನಿಂದ ಬಂತು. ಸ್ಟೀಫನ್ ಒ'ರಾಹಿಲಿ ಮತ್ತು ಸದಾಫ್ ಫಾರೂಕಿ ಅವರ ತಂಡ ರಕ್ತಸಂಬಂಧದಲ್ಲಿ ಮದುವೆಗಳಾಗಿದ್ದ ಪಾಕಿಸ್ತಾನ ಮೂಲದ ಕುಟುಂಬವೊಂದರ ಇಬ್ಬರು ಮಕ್ಕಳಲ್ಲಿ ಲೆಪ್ಟಿನ್ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆಯಿರುವುದನ್ನು ಗುರುತಿಸಿತು. 8 ವರ್ಷದ ಹುಡುಗಿ 86 ಕಿಲೊ, 2 ವರ್ಷದ ಹುಡುಗ 29 ಕಿಲೊ ತೂಗುತ್ತಿದ್ದರು. ಲೆಪ್ಟಿನ್ ಚುಚ್ಚುಮದ್ದು ಆರಂಭಿಸಿದ ಒಂದು ವರ್ಷದಲ್ಲಿ ಹುಡುಗಿಯ ತೂಕ 16 ಕಿಲೊಗೂ ಹೆಚ್ಚು ಇಳಿಯಿತು. ಆ ಮಕ್ಕಳ ತೀರದ ಹಸಿವು ಪಾಲನೆಯ ದೋಷವಾಗಲಿ ಸ್ವಭಾವದ ದೋಷವಾಗಲಿ ಆಗಿರಲಿಲ್ಲ, ಒಂದು ಅಣುವಿನ ಕೊರತೆಯಾಗಿತ್ತು.

ಇದರ ಬೆನ್ನಿಗೆ ಲೆಪ್ಟಿನ್ ಬೊಜ್ಜಿನ ಮದ್ದಾಗುತ್ತದೆಂಬ ನಿರೀಕ್ಷೆ ಮುಗಿಲು ಮುಟ್ಟಿತು. ಆಮ್‌ಜೆನ್ ಎಂಬ ಅಮೆರಿಕದ ಕಂಪನಿ ಅದರ ಹಕ್ಕಿಗಾಗಿ 2 ಕೋಟಿ ಡಾಲರ್ ಮುಂಗಡವಾಗಿ ತೆತ್ತಿತು. ಆದರೆ ಸಾಮಾನ್ಯ ಬೊಜ್ಜಿರುವವರಲ್ಲಿ ಲೆಪ್ಟಿನ್ ಕಡಿಮೆಯಿರುವುದಿಲ್ಲ, ಕೊಬ್ಬಿಗೆ ತಕ್ಕಂತೆ ಹೆಚ್ಚೇ ಇರುತ್ತದೆ. ಮಿದುಳು ಅದಕ್ಕೆ ಕಿವಿಗೊಡುವುದಿಲ್ಲ. ಲೆಪ್ಟಿನ್ ಪ್ರತಿರೋಧವೆಂದು ಕರೆಯಲಾಗುವ ಈ ಸ್ಥಿತಿಯಲ್ಲಿ ಇನ್ನಷ್ಟು ಲೆಪ್ಟಿನ್ ಚುಚ್ಚಿದರೂ ಹೆಚ್ಚಿನ ಪ್ರಯೋಜನವಾಗಲಿಲ್ಲ. ಇದನ್ನು ‘ತೆಳ್ಳಗಾಗಿಸುವ ಹಾರ್ಮೋನು’ ಎಂದು ಓದಿದ್ದೇ ಮೊದಲ ತಪ್ಪು. 1996ರಲ್ಲಿಯೇ ಅಹಿಮಾ ಮತ್ತು ಫ್ಲೈಯರ್ ಅವರ ತಂಡ ಉಪವಾಸ ಕೆಡವಿದ ಇಲಿಗಳಿಗೆ ಲೆಪ್ಟಿನ್ ಕೊಟ್ಟು, ಉಪವಾಸದಲ್ಲಿ ಸಹಜವಾಗಿ ಕಾಣುವ ಥೈರಾಯಿಡ್ ಕುಗ್ಗುವಿಕೆಯೂ ಸಂತಾನಶಕ್ತಿಯ ಇಳಿಕೆಯೂ ಬಹಳಷ್ಟು ತಪ್ಪುತ್ತವೆಂದು ತೋರಿಸಿತ್ತು. ಲೆಪ್ಟಿನ್‌ನ ಮುಖ್ಯ ಸಂದೇಶ ಇರುವುದು ಅದರ ಇಳಿತದಲ್ಲಿ. ಉಪವಾಸದ ಒಂದೆರಡು ದಿನಗಳಲ್ಲಿ, ಕೊಬ್ಬು ಇನ್ನೂ ಅಷ್ಟಾಗಿ ಕರಗದಿರುವಾಗಲೇ, ಅದು ಸರ್ರನೆ ಇಳಿಯುತ್ತದೆ. ಬರಗಾಲ ಬಂತೆಂದು ಕೂಗಿ ಹೇಳುವ ತಳವಾರನ ಕೆಲಸ ಅದರದು. ಕಣಜ ತುಂಬಿ ತುಳುಕಿದಾಗ ಅಷ್ಟೇ ಜೋರಾಗಿ ಕೂಗುವ ತಳವಾರನನ್ನು ದೇಹ ನೇಮಿಸಿಕೊಂಡಿಲ್ಲ.

ಮೇದೋಜೀರಕದ ಇನ್ಸುಲಿನ್ ಕೂಡ ರಕ್ತದ ಸಕ್ಕರೆಯನ್ನು ಇಳಿಸುವುದರ ಜೊತೆಗೆ ಮಿದುಳಿಗೆ ದಾಸ್ತಾನಿನ ಸುದ್ದಿ ಮುಟ್ಟಿಸುತ್ತದೆ. ಬಬೂನ್‌ಗಳ ಮಿದುಳಿನ ದ್ರವಕ್ಕೆ ಅದನ್ನು ಸೇರಿಸಿದಾಗ ಅವು ಕಡಿಮೆ ತಿಂದವೆಂದು 1979ರಲ್ಲಿ ವರದಿಯಾಯಿತು.

ಲೆಪ್ಟಿನ್ ಹೇಳುವುದು ಕೊಬ್ಬಿನ ಲೆಕ್ಕವನ್ನೇ ಹೊರತು ತೂಕದ ಲೆಕ್ಕವನ್ನಲ್ಲ ಎಂಬುದು ಭಾರತೀಯರ ವಿಷಯದಲ್ಲಿ ನೆನಪಿಡತಕ್ಕ ಮಾತು. ಪುಣೆಯಲ್ಲಿ ಸಿ. ಎಸ್. ಯಾಜ್ಞಿಕ್ ಅವರ ತಂಡವೂ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ಸಂಶೋಧಕರೂ ನವಜಾತ ಶಿಶುಗಳನ್ನು ಅಳೆದಾಗ, ಬ್ರಿಟನ್ನಿನ ಶಿಶುಗಳಿಗಿಂತ ಅವು ತೂಕದಲ್ಲಿ ಬಹಳ ಹಗುರವಾಗಿದ್ದರೂ ಬೆನ್ನಿನ ಚರ್ಮದಡಿಯ ಕೊಬ್ಬಿನಲ್ಲಿ ಅಷ್ಟಾಗಿ ಹಿಂದೆ ಬಿದ್ದಿರಲಿಲ್ಲ. ಕಡಿಮೆಯಾಗಿದ್ದುದು ಹೆಚ್ಚಾಗಿ ಸ್ನಾಯು. ನೋಡಲು ಸಣಕಲಾದ ಮೈಯಲ್ಲಿಯೂ ಕೊಬ್ಬಿನ ಪಾಲು ದೊಡ್ಡದಿರಬಹುದು.

ಜಠರ ಮತ್ತು ಕರುಳಿನ ಸುದ್ದಿಗಳು

ಲೆಪ್ಟಿನ್ ತಿಂಗಳುಗಳ ಲೆಕ್ಕ ಇಟ್ಟರೆ ಒಂದೊಂದು ಊಟವನ್ನು ಯಾವಾಗ ಆರಂಭಿಸಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನು ಹೇಳುವುದು ಜಠರ ಮತ್ತು ಕರುಳು. ತುತ್ತುಗಳು ಇಳಿದಂತೆ ಜಠರದ ಗೋಡೆ ಹಿಗ್ಗುತ್ತದೆ; ಆ ಹಿಗ್ಗನ್ನು ವೇಗಸ್ ನರ ಮಿದುಳುಕಾಂಡಕ್ಕೆ ಮುಟ್ಟಿಸುತ್ತದೆ. ಜಠರದಿಂದ ಕೊಬ್ಬು, ಪ್ರೋಟೀನುಗಳ ಅಂಶ ಸಣ್ಣ ಕರುಳಿನ ಮೊದಲ ಭಾಗಕ್ಕೆ ಜಾರಿದೊಡನೆ ಅಲ್ಲಿನ ಕೋಶಗಳು ಕೊಲಿಸಿಸ್ಟೊಕೈನಿನ್ ಎಂಬ ಹಾರ್ಮೋನನ್ನು ಬಿಡುತ್ತವೆ. 1928ರಲ್ಲಿ ಪಿತ್ತಕೋಶವನ್ನು ಸಂಕುಚಿಸುವ ವಸ್ತುವಾಗಿ ಪರಿಚಿತವಾದ ಇದು ಊಟವನ್ನು ಬೇಗ ಮುಗಿಸುವಂತೆಯೂ ಮಾಡುತ್ತದೆಂದು 1973ರಲ್ಲಿ ತಿಳಿಯಿತು. ಆಹಾರ ಕರುಳಿನ ಕೊನೆಯ ಭಾಗಕ್ಕೆ ಸಾಗಿದಂತೆ ಪೆಪ್ಟೈಡ್ ವೈವೈ ಮತ್ತು ಜಿಎಲ್‌ಪಿ-1 ಎಂಬ ಇನ್ನೆರಡು ಹಾರ್ಮೋನುಗಳು ರಕ್ತಕ್ಕೆ ಸೇರಿ ಜಠರ ಖಾಲಿಯಾಗುವ ವೇಗವನ್ನು ತಗ್ಗಿಸುತ್ತವೆ, ತೃಪ್ತಿಯನ್ನು ಹೆಚ್ಚಿಸುತ್ತವೆ. ಈ ಸುದ್ದಿಗಳೆಲ್ಲ ಕೂಡಿಬರಲು ಸಮಯ ಬೇಕಾಗುವುದರಿಂದ ಗಬಗಬನೆ ಉಂಡವನಿಗೆ ಹೊಟ್ಟೆ ತುಂಬಿದ್ದು ತಿಳಿಯುವುದು ಎಲೆ ಬಿಟ್ಟೆದ್ದ ಮೇಲೆಯೇ.

ಈ ಗುಂಪಿನಲ್ಲಿ ಹಸಿವನ್ನು ಹೆಚ್ಚಿಸುವುದು ಗ್ರೆಲಿನ್ ಒಂದೇ. 1999ರಲ್ಲಿ ಜಪಾನಿನ ಕೋಜಿಮಾ ಮತ್ತು ಕಂಗಾವಾ ಅವರು ಇಲಿಗಳ ಜಠರದಿಂದ ಬೇರ್ಪಡಿಸಿದ ಈ ಹಾರ್ಮೋನು ಊಟದ ಹೊತ್ತಿಗೆ ಮೊದಲು ರಕ್ತದಲ್ಲಿ ಏರಿ, ಉಂಡ ಮೇಲೆ ಇಳಿಯುತ್ತದೆ. ಪ್ರತಿದಿನ ಒಂದೇ ಹೊತ್ತಿಗೆ ಉಣ್ಣುವವರಿಗೆ ಆ ಹೊತ್ತಿಗೆ ಸರಿಯಾಗಿ ಹೊಟ್ಟೆ ಚುರುಗುಟ್ಟುವುದರಲ್ಲಿ ಇದರ ಪಾಲಿದೆ. ಆದರೂ ‘ಹಸಿವಿನ ಹಾರ್ಮೋನು’ ಎಂಬ ಬಿರುದು ಅದಕ್ಕೆ ತುಸು ದೊಡ್ಡದಾಯಿತು. ಗ್ರೆಲಿನ್ ಇಲ್ಲದಂತೆ ಬೆಳೆಸಿದ ಸುಂಡಿಲಿಗಳು ಬಹುಮಟ್ಟಿಗೆ ಸಾಮಾನ್ಯ ಇಲಿಗಳಷ್ಟೇ ತಿಂದು ಅಷ್ಟೇ ತೂಗುತ್ತವೆ. ತೀವ್ರ ಉಪವಾಸದಲ್ಲಿ ರಕ್ತದ ಸಕ್ಕರೆ ಕುಸಿಯದಂತೆ ಹಿಡಿದಿಡುವುದು ಅದರ ಹೆಚ್ಚು ಮುಖ್ಯವಾದ ಕೆಲಸವಿರಬಹುದು.

ರುಚಿಯ ಸೆಳೆತ

ಮದುವೆ ಮನೆಯಲ್ಲಿ ಇನ್ನೊಂದು ಸೌಟು ಅನ್ನಕ್ಕೆ ಕೈ ಅಡ್ಡ ಹಿಡಿದವರೂ ಹೋಳಿಗೆ ಬಂದಾಗ ಎಲೆಯಲ್ಲಿ ಜಾಗ ಮಾಡಿಕೊಡುತ್ತಾರೆ. ಒಂದು ರುಚಿಯ ಬಗ್ಗೆ ಮೂಡಿದ ತೃಪ್ತಿ ಇನ್ನೊಂದು ರುಚಿಗೆ ಅನ್ವಯಿಸುವುದಿಲ್ಲವೆಂಬ ಈ ಸಂಗತಿಯನ್ನು 1980ರ ದಶಕದಲ್ಲಿ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು ಪ್ರಯೋಗಗಳಿಂದ ಅಳೆದು ತೋರಿಸಿದರು. ಇಲ್ಲಿ ಕೆಲಸ ಮಾಡುವುದು ಡೋಪಮಿನ್ ಮುಂತಾದ ರಾಸಾಯನಿಕಗಳನ್ನು ಬಳಸುವ, ಬಯಕೆ ಮತ್ತು ಸುಖಕ್ಕೆ ಸಂಬಂಧಿಸಿದ ಬೇರೆ ನರಜಾಲ. ಹೈಪೊಥಲಾಮಸ್ ಸಾಕೆಂದರೂ ಅದು ಬೇಕೆನ್ನಬಲ್ಲದು. ಈ ಜಾಲಕ್ಕೆ ಕೈಹಾಕಿ ಹಸಿವನ್ನು ಅಡಗಿಸುವುದು ಅಪಾಯವೆಂಬುದಕ್ಕೆ ರಿಮೋನಬಂಟ್ ನಿದರ್ಶನ: 2006ರಲ್ಲಿ ಯುರೋಪಿನಲ್ಲಿ ಮಾನ್ಯವಾದ ಈ ಮಾತ್ರೆ ತೂಕದ ಜೊತೆಗೆ ಬದುಕಿನ ಹುರುಪನ್ನೂ ಇಳಿಸುತ್ತದೆಂದು ತಿಳಿದು, ಖಿನ್ನತೆ ಮತ್ತು ಆತ್ಮಹತ್ಯೆಯ ಭಯದಿಂದ 2008ರಲ್ಲಿ ಅದರ ಮಾರಾಟವನ್ನು ತಡೆಹಿಡಿಯಲಾಯಿತು.

ಶಕ್ತಿವ್ಯಯ

ದೇಹದ ದಿನದ ಖರ್ಚಿನಲ್ಲಿ ಬಹುಪಾಲು ಜನರ ಮಟ್ಟಿಗೆ ಶೇಕಡ 60ರಿಂದ 70ರಷ್ಟು ಹೋಗುವುದು ಸುಮ್ಮನೆ ಮಲಗಿದ್ದಾಗಲೂ ನಿಲ್ಲದ ಉಸಿರಾಟ, ರಕ್ತಸಂಚಾರ, ಕೋಶಗಳ ದುರಸ್ತಿ ಮುಂತಾದ ಕೆಲಸಗಳಿಗೆ. ಇದು ಮೂಲ ಚಯಾಪಚಯ. ದೇಹದ ತೂಕದಲ್ಲಿ ಶೇಕಡ 2ರಷ್ಟಿರುವ ಮಿದುಳೇ ವಿಶ್ರಾಂತಿಯ ಖರ್ಚಿನ ಸುಮಾರು ಐದನೆಯ ಒಂದು ಪಾಲನ್ನು ಬಳಸಿಕೊಳ್ಳುತ್ತದೆ. ಉಂಡದ್ದನ್ನು ಅರಗಿಸಿ ಸಂಗ್ರಹಿಸಲು ಶೇಕಡ 10ರಷ್ಟು ಬೇಕು; ಉಳಿದದ್ದು ಓಡಾಟ, ದುಡಿಮೆಗೆ. ಮೂಲ ಚಯಾಪಚಯದ ವೇಗವನ್ನು ನಿಗದಿ ಮಾಡುವ ಮುಖ್ಯ ಹಾರ್ಮೋನು ಥೈರಾಯಿಡ್ ಗ್ರಂಥಿಯದು. ಆ ಗ್ರಂಥಿಗೆ ಆದೇಶ ಹೊರಡುವುದು ಮತ್ತೆ ಹೈಪೊಥಲಾಮಸ್‌ನಿಂದ, ಪಿಟ್ಯುಟರಿಯ ಮೂಲಕ. ಭಾರತೀಯರ ಮೂಲ ಚಯಾಪಚಯ ಅಂತರರಾಷ್ಟ್ರೀಯ ಸೂತ್ರಗಳು ಹೇಳುವುದಕ್ಕಿಂತ ತುಸು ಕಡಿಮೆಯೆಂದು ಅಳತೆಗಳು ತೋರಿಸಿವೆ. ಅರೆಹೊಟ್ಟೆಯಲ್ಲಿ ದುಡಿಯುವವರ ದೇಹ ಶಕ್ತಿಯನ್ನು ಹೇಗೆ ಉಳಿತಾಯ ಮಾಡುತ್ತದೆಂಬ ಪ್ರಶ್ನೆಯ ಮೇಲೆ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಕಾಶ್ ಶೆಟ್ಟಿ ಮತ್ತು ಸಂಗಡಿಗರು 1980ರ ದಶಕದಿಂದ ನಡೆಸಿದ ಅಧ್ಯಯನಗಳು ಈ ಕ್ಷೇತ್ರದಲ್ಲಿ ಹೆಸರಾಗಿವೆ.

ಹೆಚ್ಚು ಉಂಡಾಗ ಖರ್ಚೂ ಏರುತ್ತದೆಯೇ? ಏರುತ್ತದೆ, ಆದರೆ ಎಲ್ಲರಲ್ಲಿ ಒಂದೇ ಸಮನಾಗಿ ಅಲ್ಲ. 1999ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ 16 ಜನರಿಗೆ 8 ವಾರಗಳ ಕಾಲ ದಿನಕ್ಕೆ 1,000 ಕಿಲೊಕ್ಯಾಲರಿ ಹೆಚ್ಚು ಉಣಿಸಿದಾಗ ಒಬ್ಬರ ಮೈಗೆ ಅರ್ಧ ಕಿಲೊ ಕೊಬ್ಬೂ ಕೂಡಲಿಲ್ಲ, ಇನ್ನೊಬ್ಬರಿಗೆ 4 ಕಿಲೊ ದಾಟಿತು. ವ್ಯತ್ಯಾಸದ ದೊಡ್ಡ ಭಾಗ ಇದ್ದುದು ವ್ಯಾಯಾಮದಲ್ಲಲ್ಲ, ಕುಳಿತಲ್ಲಿ ಮಿಸುಕಾಡುವುದು, ಎದ್ದು ನಿಲ್ಲುವುದು, ಅತ್ತಿತ್ತ ಸುಳಿದಾಡುವುದು ಇಂಥ ಗಮನಕ್ಕೇ ಬಾರದ ಚಲನೆಗಳಲ್ಲಿ. ಹಾಗೆಯೇ ಮೈ ಅಲುಗಾಡುವುದೇ ಅಪರೂಪವಾದರೆ ಹಸಿವಿನ ತಕ್ಕಡಿಯೂ ತಪ್ಪುತ್ತದೆ: 1956ರಲ್ಲಿ ಜೀನ್ ಮೇಯರ್ ಮತ್ತು ಸಂಗಡಿಗರು ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯೊಂದರ ನೌಕರರನ್ನು ಅಳೆದಾಗ, ಇಡೀ ದಿನ ಕುಳಿತಿರುವವರು ಹಗುರ ಕೆಲಸದವರಿಗಿಂತ ಹೆಚ್ಚು ಉಣ್ಣುತ್ತಿದ್ದರು.

ಶಾಖಕ್ಕೆಂದೇ ಕೊಬ್ಬನ್ನು ಉರಿಸುವ ಅಂಗಾಂಶ ಕಂದು ಕೊಬ್ಬು. ಅದರ ಕೋಶಗಳ ಮೈಟೊಕಾಂಡ್ರಿಯಗಳಲ್ಲಿರುವ ಯುಸಿಪಿ-1 ಎಂಬ ಪ್ರೋಟೀನು, ಶಕ್ತಿಯನ್ನು ಉಪಯುಕ್ತ ರಾಸಾಯನಿಕವಾಗಿಸುವ ಬದಲು ನೇರವಾಗಿ ಶಾಖವಾಗಿಸುತ್ತದೆ. ಶಿಶುಗಳಲ್ಲಿ ಮಾತ್ರ ಇರುತ್ತದೆಂದು ತಿಳಿಯಲಾಗಿದ್ದ ಇದು ವಯಸ್ಕರಲ್ಲಿಯೂ ಚುರುಕಾಗಿರುವುದು 2009ರಲ್ಲಿ ಸ್ಕ್ಯಾನ್‌ಗಳಿಂದ ಖಚಿತವಾಯಿತು.

ಕಡಿಮೆ ಉಂಡಾಗ ನಡೆಯುವುದನ್ನು ಮಿನೆಸೋಟದ ಉಪವಾಸ ಪ್ರಯೋಗಕ್ಕಿಂತ ಸ್ಪಷ್ಟವಾಗಿ ತೋರಿಸಿದ್ದು ಇನ್ನೊಂದಿಲ್ಲ. ಎರಡನೆಯ ಮಹಾಯುದ್ಧದ ಕೊನೆಗೆ ಯುರೋಪಿನ ಹಸಿದವರಿಗೆ ಮತ್ತೆ ಉಣಿಸುವ ಬಗೆ ತಿಳಿಯಲೆಂದು ಆನ್ಸೆಲ್ ಕೀಸ್, ಯುದ್ಧದಲ್ಲಿ ಹೋರಾಡಲು ಮನಸ್ಸಾಕ್ಷಿ ಒಪ್ಪದೆ ಸ್ವಯಂಸೇವಕರಾಗಿ ಬಂದ 36 ಯುವಕರನ್ನು 1945ರಲ್ಲಿ 24 ವಾರ ಅರೆಹೊಟ್ಟೆಯಲ್ಲಿಟ್ಟ. ಅವರ ತೂಕ ಸುಮಾರು ಕಾಲುಭಾಗ ಇಳಿಯಿತು, ಮೂಲ ಚಯಾಪಚಯ ಸುಮಾರು ಶೇಕಡ 40ರಷ್ಟು ಕುಸಿಯಿತು. ಬೇಸಿಗೆಯಲ್ಲೂ ಚಳಿಯೆನ್ನುತ್ತಿದ್ದರು, ತಟ್ಟೆ ನೆಕ್ಕುತ್ತಿದ್ದರು, ಅಡುಗೆಯ ಪುಸ್ತಕಗಳನ್ನು ಕೂಡಿಹಾಕಿ ಓದುತ್ತಿದ್ದರು. ಮತ್ತೆ ಉಣ್ಣಲು ಬಿಟ್ಟಾಗ ಹಸಿವು ವಾರಗಟ್ಟಲೆ ತಣಿಯಲಿಲ್ಲ, ಕೊಬ್ಬು ಮೊದಲಿದ್ದ ಮಟ್ಟವನ್ನೂ ದಾಟಿತು. ಅರ್ಧ ಶತಮಾನದ ಬಳಿಕ ರೋಸೆನ್‌ಬಾಮ್ ಮತ್ತು ಲೈಬೆಲ್ ತೂಕದ ಶೇಕಡ 10ನ್ನು ಇಳಿಸಿದವರಲ್ಲಿ ಖರ್ಚು ದೇಹದ ಗಾತ್ರಕ್ಕೆ ತಕ್ಕುದಕ್ಕಿಂತ ಹೆಚ್ಚಾಗಿ ತಗ್ಗುತ್ತದೆಂದೂ, ಲೆಪ್ಟಿನ್ನನ್ನು ಹಳೆಯ ಮಟ್ಟಕ್ಕೆ ತಂದರೆ ಈ ಜಿಪುಣತನ ಬಹಳಷ್ಟು ಬಿಡುತ್ತದೆಂದೂ ತೋರಿಸಿದರು. ಪಥ್ಯ ಮಾಡಿ ಇಳಿಸಿದ ತೂಕ ಮರಳಿ ಬರುವುದಕ್ಕೆ ಮನಸ್ಸಿನ ದುರ್ಬಲತೆಯನ್ನೇ ಹೊಣೆ ಮಾಡುವ ರೂಢಿಗೆ ಈ ಅಳತೆಗಳ ಬೆಂಬಲವಿಲ್ಲ.

ಚಿಕಿತ್ಸೆ

ಹಳೆಯ ಯತ್ನಗಳು ಹೆಚ್ಚಾಗಿ ಕೆಟ್ಟ ಕಥೆಗಳು. 1930ರ ದಶಕದಲ್ಲಿ ಅಮೆರಿಕದಲ್ಲಿ ಮಾರಾಟವಾದ ಡೈನೈಟ್ರೊಫಿನಾಲ್ ದೇಹದ ಎಲ್ಲ ಕೋಶಗಳನ್ನೂ ಕಂದು ಕೊಬ್ಬಿನಂತೆ ಉರಿಸಿ ತೂಕವನ್ನೇನೋ ಇಳಿಸುತ್ತಿತ್ತು, ಆದರೆ ಮೈಯ ತಾಪ ಏರಿ ಸತ್ತವರೂ ಕಣ್ಣಿನ ಪೊರೆ ಬಂದವರೂ ಹೆಚ್ಚಿ 1938ರಲ್ಲಿ ಅದು ಮೂಲೆ ಸೇರಿತು. ಗೆದ್ದದ್ದು ಕರುಳಿನ ಜಿಎಲ್‌ಪಿ-1. ಸಹಜ ಹಾರ್ಮೋನು ರಕ್ತದಲ್ಲಿ ಒಂದೆರಡು ನಿಮಿಷಗಳಲ್ಲೇ ಒಡೆದುಹೋಗುವುದರಿಂದ ಅದನ್ನೇ ಮದ್ದಾಗಿಸುವಂತಿರಲಿಲ್ಲ. ಅಮೆರಿಕದ ಮರುಭೂಮಿಯ ಗೀಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯ ಜೊಲ್ಲಿನಲ್ಲಿ ಅದನ್ನು ಹೋಲುವ, ಬಹಳ ಹೊತ್ತು ಬಾಳುವ ಪೆಪ್ಟೈಡನ್ನು 1990ರ ದಶಕದ ಆರಂಭದಲ್ಲಿ ಜಾನ್ ಎಂಗ್ ಕಂಡುಹಿಡಿದ. ಅದರಿಂದ ಬಂದ ಎಕ್ಸೆನಟೈಡ್ 2005ರಲ್ಲಿ ಸಕ್ಕರೆಕಾಯಿಲೆಗೆ ಮಾನ್ಯವಾಯಿತು. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್ 2021ರಲ್ಲಿ ಅಮೆರಿಕದಲ್ಲಿ ತೂಕ ಇಳಿಸಲು ಮಾನ್ಯವಾಯಿತು. ಅದಕ್ಕೆ ಆಧಾರವಾದ ಪರೀಕ್ಷೆಯಲ್ಲಿ 68 ವಾರಗಳ ಕೊನೆಗೆ ಮದ್ದು ಪಡೆದವರ ತೂಕ ಸರಾಸರಿ ಶೇಕಡ 14.9ರಷ್ಟು, ಹುಸಿಮದ್ದು ಪಡೆದವರದು ಶೇಕಡ 2.4ರಷ್ಟು ಇಳಿದಿತ್ತು. ಈ ಮದ್ದುಗಳನ್ನು ಪಡೆದವರು ಸಾಮಾನ್ಯವಾಗಿ ಹೇಳುವುದು ಹೊಟ್ಟೆ ಬೇಗ ತುಂಬುತ್ತದೆ, ತಿನಿಸಿನ ಯೋಚನೆ ಬೆನ್ನು ಬಿಟ್ಟಿದೆ ಎಂದು. ವಾಕರಿಕೆ, ವಾಂತಿ, ಮಲಬದ್ಧತೆ ಮುಖ್ಯ ತೊಂದರೆಗಳು, ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ. ಈ ವರ್ಗದ ಇನ್ನೊಂದು ಮದ್ದಾದ ಟಿರ್ಜೆಪಟೈಡ್ 2025ರ ಮಾರ್ಚ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂತು. ಸೆಮಾಗ್ಲುಟೈಡ್ ಪರೀಕ್ಷೆ ಮುಗಿದು ಚುಚ್ಚುಮದ್ದು ನಿಲ್ಲಿಸಿದವರನ್ನು ಮತ್ತೆ ತೂಗಿ ನೋಡಿದಾಗ, ಇಳಿಸಿದ ತೂಕದ ಮೂರನೆಯ ಎರಡು ಪಾಲು ಒಂದೇ ವರ್ಷದಲ್ಲಿ ಮರಳಿತ್ತು.